ಕಾಣದ ಸೋರಿಕೆ



ಕಳೆದ ಬೇಸಿಗೆಯಲ್ಲಿ ನಮ್ಮ ಬಳಗದ ಸಭೆ ಸೂಡಿಯಲ್ಲಿ ಸೇರಿತ್ತು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಹನ್ನೊಂದನೆಯ ಶತಮಾನದಲ್ಲಿ ಕಟ್ಟಿಸಿದ ನಾಗಕುಂಡದ ಸಮೀಪ ಕುಳಿತು, ಸುತ್ತಲಿನ ಕೆರೆಗಳ ಹೂಳು, ಒಡ್ಡುಗಳ ದುರಸ್ತಿ, ಮಳೆಗಾಲಕ್ಕೆ ನೆಡಬೇಕಾದ ಸಸಿಗಳ ಕುರಿತು ಮಾತನಾಡಿದೆವು. ಹಳೆಯ ಕೆರೆಗಳ ಮಾತು ಬಂದಾಗ ಹಿರಿಯ ರೈತರೊಬ್ಬರು, ಏರಿಯಲ್ಲಿ ಏಡಿ ಕೊರೆದ ಬಿಲವನ್ನು ಪತ್ತೆ ಹಚ್ಚುವ ಬಗೆಯನ್ನು ವಿದ್ಯಾರ್ಥಿಗಳಿಗೆ ವಿವರಿಸಿದರು. ಏರಿಯ ಹೊರಮೈಯಲ್ಲಿ ಬೇಸಿಗೆಯಲ್ಲೂ ಹುಲ್ಲು ಹಸಿರಾಗಿರುವ ಜಾಗವಿದ್ದರೆ ಅಲ್ಲಿ ನೀರು ಜಿನುಗುತ್ತಿದೆ ಎಂದೇ ಅರ್ಥ. ಮೊದಲು ಅದನ್ನು ಅಗೆದು ಮುಚ್ಚಬೇಕು, ಹೂಳಿನ ಮಾತು ಆಮೇಲೆ ಎಂದರು. ಎಲ್ಲರೂ ತಲೆದೂಗಿದೆವು.

ಸಭೆ ಮುಗಿಸಿ ಗಜೇಂದ್ರಗಡದ ಕಡೆ ಹೊರಟಾಗ ನಮ್ಮ ಬಳಗದ ಹಳೆಯ ವಾಹನದ ಏ.ಸಿ. ಬಿಸಿಗಾಳಿಯನ್ನು ಉಗುಳತೊಡಗಿತು. ಚಾಲಕರು, "ಗ್ಯಾಸ್ ಹೋಗೇತ್ರಿ, ನಾಳೆ ತುಂಬಿಸಿಕೊಂಡು ಬರ್ತೀನಿ" ಎಂದರು. ಹಿಂದಿನ ಬೇಸಿಗೆಯಲ್ಲೂ ಹೀಗೆಯೇ ಆಗಿತ್ತು, ಅದರ ಹಿಂದಿನ ಬೇಸಿಗೆಯಲ್ಲೂ. ಮೂರು ವರ್ಷ ಸತತವಾಗಿ ನಾವು ಗ್ಯಾಸ್ ತುಂಬಿಸಿದ್ದೆವು. ತುಂಬಿದ್ದು ಎಲ್ಲಿಗೆ ಹೋಯಿತೆಂದು ಒಮ್ಮೆಯೂ ಕೇಳಿರಲಿಲ್ಲ. ಏಡಿಯ ಬಿಲದ ಮಾತಿಗೆ ಆಗತಾನೇ ತಲೆದೂಗಿದ್ದ ನಮಗೆ ಆ ಸಂಜೆ ತುಸು ನಾಚಿಕೆಯಾಯಿತು. ಈ ಸಂಚಿಕೆಯ ಸಂಪಾದಕೀಯಕ್ಕೆ ಆ ನಾಚಿಕೆಯೇ ಕಾರಣ.

ಮರುದಿನ ಗ್ಯಾರೇಜಿನಲ್ಲಿ ನಡೆದುದು ಬಹುಮಂದಿ ಓದುಗರಿಗೆ ಪರಿಚಿತವೇ. ಮೇಸ್ತ್ರಿ ಬಾನೆಟ್ ತೆರೆದು, ಎರಡು ಪೈಪು ಜೋಡಿಸಿ, ಸುಮಾರು 450 ಗ್ರಾಂ ಹಿಡಿಯುವ ಸಣ್ಣ ಡಬ್ಬಿಯೊಂದನ್ನು ಖಾಲಿ ಮಾಡಲು ಅಣಿಯಾದರು. ಸೋರಿಕೆ ಎಲ್ಲಿದೆ ಎಂದು ಕೇಳಿದ್ದಕ್ಕೆ, "ಅದನ್ನ ಹುಡುಕಾಕ ಹೊತ್ತು ಹಿಡೀತದ್ರಿ. ತುಂಬಿಸಿದ್ರ ಈ ಬ್ಯಾಸಗಿ ದಾಟತದ" ಎಂದರು. ಅವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯಬೇಕು, ಖರ್ಚು ಕಡಿಮೆಯಾಗಬೇಕು, ಗಾಳಿ ತಣ್ಣಗೆ ಬರಬೇಕು ಎಂದು ಕೇಳುವವರು ನಾವೇ. ಹುಡುಕುವ ಶ್ರಮಕ್ಕೆ ಕೂಲಿ ಕೊಡಲು ಒಲ್ಲದ ಗಿರಾಕಿಗೆ ಯಾವ ಮೇಸ್ತ್ರಿ ತಾನೇ ಅರ್ಧ ದಿನ ಕೊಟ್ಟಾನು?

ಆ ಡಬ್ಬಿಯಲ್ಲಿರುವುದೇನು? ಇಂದು ನಮ್ಮ ರಸ್ತೆಗಳ ಮೇಲಿರುವ ಬಹುತೇಕ ಕಾರುಗಳ ಏ.ಸಿ.ಯಲ್ಲಿ ಹರಿದಾಡುವುದು ಎಚ್.ಎಫ್.ಸಿ.-134ಎ ಎಂಬ ಅನಿಲ. ಇದಕ್ಕೆ ಬಣ್ಣವಿಲ್ಲ, ಸೋರಿದರೆ ಎಚ್ಚರಿಸುವಂಥ ವಾಸನೆಯೂ ಇಲ್ಲ. ಆದರೆ ವಾತಾವರಣ ಸೇರಿದ ಒಂದು ಕಿಲೋ 134ಎ, ನೂರು ವರ್ಷಗಳ ಅವಧಿಯ ಲೆಕ್ಕದಲ್ಲಿ, ಸುಮಾರು 1,430 ಕಿಲೋ ಇಂಗಾಲದ ಡೈಆಕ್ಸೈಡ್‌ನಷ್ಟು ಶಾಖವನ್ನು ಹಿಡಿದಿಡುತ್ತದೆ. ಹೊಸ ವೈಜ್ಞಾನಿಕ ವರದಿಗಳಲ್ಲಿ ಈ ಅಂಕಿ ತುಸು ಹೆಚ್ಚುಕಡಿಮೆಯಾಗಿದೆ. ಅಂತಾರಾಷ್ಟ್ರೀಯ ಒಪ್ಪಂದದಲ್ಲಿ ಬಳಸುವುದು ಇದೇ ಅಂಕಿಯನ್ನು. ಮೂರು ಬೇಸಿಗೆಗೆ ಮೂರು ಡಬ್ಬಿ ಎಂದರೆ 1 ಕಿಲೋ 350 ಗ್ರಾಂ. ಗುಣಿಸಿ ನೋಡಿದರೆ ಸುಮಾರು 1,930 ಕಿಲೋ, ಅಂದರೆ ಹತ್ತಿರ ಹತ್ತಿರ ಎರಡು ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಹೊರಬರುತ್ತದೆ. ಆ ಲೆಕ್ಕಕ್ಕೆ ನಾವು ಎಂಟುನೂರು ಲೀಟರಿಗೂ ಮಿಕ್ಕಿ ಪೆಟ್ರೋಲನ್ನು, ಗಾಡಿಯ ಚಕ್ರ ಒಂದು ಸುತ್ತೂ ತಿರುಗದಂತೆ, ಸುಮ್ಮನೆ ಸುಟ್ಟ ಹಾಗಾಯಿತು. ಈ ವಾಹನದಲ್ಲಿಯೇ ಗುಡ್ಡಕ್ಕೆ ಸಸಿ ಹೊತ್ತೊಯ್ದಿದ್ದೆವು. ಆ ಸಸಿಗಳು ಇಷ್ಟನ್ನು ಹೀರಿಕೊಳ್ಳಲು ಎಷ್ಟು ವರ್ಷ ಬೇಕೆಂಬ ಲೆಕ್ಕ ಹಾಕಲು ಯಾರಿಗೂ ಮನಸ್ಸು ಬರಲಿಲ್ಲ.

ನಮ್ಮ ಜಿಲ್ಲೆಯ ಪರಿಸರ ಹೋರಾಟಗಳು ಕಣ್ಣಿಗೆ ಕಾಣುವ ಎದುರಾಳಿಗಳ ವಿರುದ್ಧ ನಡೆದಂಥವು. ಕಪ್ಪತಗುಡ್ಡಕ್ಕಾಗಿ 2017ರಲ್ಲಿ ಗದಗಿನಲ್ಲಿ ಧರಣಿ ಕುಳಿತವರಿಗೆ ಗಣಿಗಾರಿಕೆಯ ಗಾಯ ಹೇಗಿರುತ್ತದೆಂದು ಗೊತ್ತಿತ್ತು. 2019ರಲ್ಲಿ ಗುಡ್ಡ ವನ್ಯಜೀವಿಧಾಮವಾದಾಗ ಗೆದ್ದದ್ದೂ ಕಾಣುವಂತಿತ್ತು. ರಬ್ಬರಿನ ಉಂಗುರವೊಂದರ ಸಂದಿಯಿಂದ ಹಗಲಿರುಳು ಸೋರುವ ಅನಿಲದ ಮುಂದೆ ಧರಣಿ ಕೂರಲಾಗದು. ಅದಕ್ಕೆ ಬೇರೆ ಬಗೆಯ ಎಚ್ಚರ ಬೇಕು.

ಈ ಅನಿಲದ ಪೂರ್ವಚರಿತ್ರೆಯನ್ನು ವಿದ್ಯಾರ್ಥಿಗಳು ತಿಳಿದಿರುವುದು ಒಳ್ಳೆಯದು. ಮೊದಲಿಗೆ ಕಾರುಗಳಲ್ಲಿ ಬಳಸುತ್ತಿದ್ದುದು ಸಿ.ಎಫ್.ಸಿ.-12. ಅದು ಮೇಲಿನ ವಾಯುಮಂಡಲದ ಓಝೋನ್ ಪದರವನ್ನು ಕೊರೆಯಬಲ್ಲುದೆಂದು ಮೊಲಿನಾ ಮತ್ತು ರೋಲೆಂಡ್ 1974ರಲ್ಲಿ ಎಚ್ಚರಿಸಿದರು. 1985ರಲ್ಲಿ ಅಂಟಾರ್ಕ್ಟಿಕದ ಮೇಲಿನ ಓಝೋನ್ ರಂಧ್ರದ ವರದಿ ಪ್ರಕಟವಾಯಿತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು. ಭಾರತ 1992ರಲ್ಲಿ ಅದನ್ನು ಸೇರಿತು, 2000ದಲ್ಲಿ ನಿಯಮಾವಳಿ ರೂಪಿಸಿತು. ಸಿ.ಎಫ್.ಸಿ.ಯ ಜಾಗಕ್ಕೆ ಬಂದದ್ದೇ 134ಎ. ಇದರಲ್ಲಿ ಕ್ಲೋರಿನ್ ಇಲ್ಲವಾದ್ದರಿಂದ ಓಝೋನಿಗೆ ಅಪಾಯವಿಲ್ಲ. ಭೂಮಿಯನ್ನು ಬಿಸಿಮಾಡುವ ಗುಣವನ್ನು ಮಾತ್ರ ಅದು ಉಳಿಸಿಕೊಂಡಿತು. ಈ ತಪ್ಪನ್ನು ತಿದ್ದಲು 2016ರ ಅಕ್ಟೋಬರಿನಲ್ಲಿ ರುವಾಂಡಾದ ಕಿಗಾಲಿಯಲ್ಲಿ ಒಪ್ಪಂದಕ್ಕೆ ತಿದ್ದುಪಡಿಯಾಯಿತು. ಭಾರತ 2021ರ ಸೆಪ್ಟೆಂಬರಿನಲ್ಲಿ ಅದನ್ನು ಅಂಗೀಕರಿಸಿದೆ. ಅದರಂತೆ ನಮ್ಮಲ್ಲಿ ಇಂಥ ಅನಿಲಗಳ ಬಳಕೆಗೆ 2028ರಲ್ಲಿ ಮಿತಿ ಬೀಳುತ್ತದೆ, ಮೊದಲ ಶೇ. 10ರಷ್ಟು ಇಳಿಕೆಯಾಗುವುದು 2032ರಲ್ಲಿ, ಶೇ. 85ರಷ್ಟು ಇಳಿಕೆಯಾಗುವುದು 2047ರಲ್ಲಿ. ಇಂದು ಶಾಲೆಗೆ ಹೋಗುವ ಮಕ್ಕಳು ಆಗ ನಡುವಯಸ್ಸಿನ ಕಡೆ ಸಾಗಿರುತ್ತಾರೆ. ಅಲ್ಲಿಯವರೆಗೆ ಕಾರಿನೊಳಗಿರುವ ಅನಿಲ ಕಾರಿನೊಳಗೇ ಇರಬೇಕು. ಸರ್ಕಾರಗಳ ಗಡುವಿಗೆ ಕಾಯದೆ ಹಳ್ಳಿಯ ಗ್ಯಾರೇಜಿನಲ್ಲಿಯೂ ಮಾಡಬಹುದಾದ ಕೆಲಸವಿದು.

ಇನ್ನು ಸೋರಿಕೆಯ ವಿಚಾರಕ್ಕೆ ಬರೋಣ. ಮನೆಯ ಫ್ರಿಜ್ ಇಪ್ಪತ್ತು ವರ್ಷ ಅನಿಲ ತುಂಬಿಸದೆ ನಡೆಯುವುದುಂಟು. ಕಾರಿನ ಏ.ಸಿ.ಗೆ ಆ ಭಾಗ್ಯವಿಲ್ಲ. ಫ್ರಿಜ್ಜಿನ ಕಂಪ್ರೆಸರನ್ನು ಉಕ್ಕಿನ ಡಬ್ಬಿಯೊಳಗೆ ಬೆಸುಗೆ ಹಾಕಿ ಮುಚ್ಚಿರುತ್ತಾರೆ. ಕಾರಿನ ಕಂಪ್ರೆಸರು ಎಂಜಿನ್ನಿನ ಬೆಲ್ಟಿನಿಂದ ತಿರುಗಬೇಕಾದ್ದರಿಂದ ಅದರ ದಂಡ ಹೊರಕ್ಕೆ ಚಾಚಿರುತ್ತದೆ. ಅದರ ಸುತ್ತಲಿನ ಸೀಲು ಸವೆಯುತ್ತದೆ. ಕಂಪ್ರೆಸರು ಎಂಜಿನ್ನಿನೊಡನೆ ಅಲುಗಾಡುವುದರಿಂದ ನಡುವೆ ರಬ್ಬರ್ ಪೈಪುಗಳು ಬೇಕು. ಅವುಗಳ ಮೈಯಿಂದಲೇ ಅನಿಲ ಅಷ್ಟಿಷ್ಟು ಹಾಯುತ್ತದೆ. ಒಳ್ಳೆಯ ಸ್ಥಿತಿಯಲ್ಲಿರುವ ಕಾರು ಕೂಡ ವರ್ಷಕ್ಕೆ ಸುಮಾರು ಹತ್ತಿಪ್ಪತ್ತು ಗ್ರಾಂ ಕಳೆದುಕೊಳ್ಳುವುದುಂಟು. ಸಣ್ಣ ಕಾರಿನಲ್ಲಿ ಇರುವುದೇ ಸುಮಾರು ಅರ್ಧ ಕಿಲೋ. ಹೀಗೆ ಲೆಕ್ಕ ಹಾಕಿದರೆ, ಗಟ್ಟಿಮುಟ್ಟಾದ ಕಾರಿಗೆ ಹಲವು ವರ್ಷ ಅನಿಲ ಬೇಕಾಗುವುದೇ ಇಲ್ಲ. ಪ್ರತಿ ಬೇಸಿಗೆಗೂ ಬೇಕಾಗುತ್ತಿದ್ದರೆ ಎಲ್ಲೋ ತೂತಿದೆ. "ಗ್ಯಾಸ್ ಮುಗಿಯಿತು" ಎನ್ನುವ ಮಾತೇ ತಪ್ಪು. ಪೆಟ್ರೋಲಿನಂತೆ ಅದು ಉರಿದು ಮುಗಿಯುವ ವಸ್ತುವಲ್ಲ.

ನಮ್ಮ ಭಾಗದ ಕಾರುಗಳಲ್ಲಿ ಎಲ್ಲಕ್ಕಿಂತ ಮುಂದೆ ನಿಂತು ಪೆಟ್ಟು ತಿನ್ನುವುದು ಕಂಡೆನ್ಸರ್. ರೇಡಿಯೇಟರಿನ ಮುಂದಿರುವ ತೆಳ್ಳಗಿನ ಅಲ್ಯುಮಿನಿಯಂ ಜಾಲರಿ ಅದು. ಕಡಿ ತುಂಬಿದ ಟಿಪ್ಪರಿನ ಹಿಂದೆ ಗುಡ್ಡದ ರಸ್ತೆಯಲ್ಲಿ ಹೋಗುವಾಗ ಹಾರಿ ಬಂದ ಒಂದು ಹರಳು ಸಾಕು. ಪೈಪು ಕೂಡುವೆಡೆಯಲ್ಲೆಲ್ಲ ಓ-ರಿಂಗ್ ಎಂಬ ರಬ್ಬರ್ ಉಂಗುರಗಳಿರುತ್ತವೆ. ಬಿಸಿಗೆ ಒಣಗಿ ಬಿರುಸಾಗುತ್ತವೆ. ಅನಿಲ ತುಂಬುವ ಬಾಯಿಯಲ್ಲಿ ಮೋಟಾರ್ ಸೈಕಲ್ ಟ್ಯೂಬಿನಲ್ಲಿರುವಂಥದೇ ಕಡ್ಡಿವಾಲ್ವು ಇರುತ್ತದೆ. ಅದರ ಮುಚ್ಚಳವನ್ನು ಎಷ್ಟೋ ಗ್ಯಾರೇಜುಗಳಲ್ಲಿ ತೆಗೆದವರು ಮರಳಿ ಹಾಕುವುದಿಲ್ಲ. ಕೊನೆಯದು ಡ್ಯಾಶ್‌ಬೋರ್ಡಿನೊಳಗೆ ಅಡಗಿರುವ ಕೂಲಿಂಗ್ ಕಾಯಿಲ್. ಬೇವಿನ ಮರದ ನೆರಳಲ್ಲಿ ನಿಲ್ಲಿಸಿದ ಕಾರಿನೊಳಗೆ ಉದುರೆಲೆ, ಧೂಳು ಸೇರಿ ತೇವದಲ್ಲಿ ಕೊಳೆತರೆ ಕಾಯಿಲಿನ ಲೋಹ ತುಕ್ಕು ಹಿಡಿಯುತ್ತದೆ.

ಸೋರಿಕೆ ಹುಡುಕುವಲ್ಲಿ ಮೊದಲ ಸಾಧನ ಕಣ್ಣು. ಕಂಪ್ರೆಸರಿಗೆ ಬೇಕಾದ ಎಣ್ಣೆ ಅನಿಲದೊಡನೆಯೇ ಸುತ್ತುತ್ತಿರುತ್ತದೆ. ಅನಿಲ ಹೊರಬಿದ್ದಲ್ಲಿ ಎಣ್ಣೆಯೂ ಜಿನುಗಿ, ಅದರ ಮೇಲೆ ನಮ್ಮ ಎರೆಭೂಮಿಯ ಧೂಳು ಕೂತು ಕಪ್ಪು ಜಿಡ್ಡಿನ ಕಲೆಯಾಗುತ್ತದೆ. ಏರಿಯ ಮೇಲಿನ ಹಸಿರು ಹುಲ್ಲಿನಂತೆಯೇ ಇದು ಗುರುತು. ಕಾರಿನ ಅಡಿಯಲ್ಲಿ ತೊಟ್ಟಿಕ್ಕುವ ತಿಳಿನೀರನ್ನು ಕಂಡು ಗಾಬರಿಯಾಗಬೇಕಿಲ್ಲ. ಅದು ಗಾಳಿಯ ತೇವ ತಣಿದು ಆದ ನೀರು. ಹಾಗೆ ತೊಟ್ಟಿಕ್ಕುವುದು ಏ.ಸಿ. ಚೆನ್ನಾಗಿ ನಡೆಯುತ್ತಿರುವುದರ ಲಕ್ಷಣ.

ಕಣ್ಣಿಗೆ ಸಿಗದಿದ್ದರೆ ಸಾಬೂನಿನ ನೀರು. ಪಂಕ್ಚರ್ ಅಂಗಡಿಯವರು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುವ ವಿದ್ಯೆಯೇ ಇದು. ಕಾರನ್ನು ಮುಳುಗಿಸಲಾಗದ ಕಾರಣ ನೊರೆಯನ್ನು ಬ್ರಷ್ಷಿನಿಂದ ಪ್ರತಿ ಕೀಲಿಗೂ ಹಚ್ಚಿ ತಾಳ್ಮೆಯಿಂದ ನೋಡಬೇಕು. ವ್ಯವಸ್ಥೆ ಖಾಲಿಯಾಗಿದ್ದರೆ ಒಳಗೆ ಒತ್ತಡ ಬೇಕು. ಅದಕ್ಕಾಗಿ ಹೊಸ 134ಎ ತುಂಬಿ ಹಾಳುಮಾಡಬೇಕಿಲ್ಲ. ಒಣ ನೈಟ್ರೋಜನ್ ಅನಿಲವನ್ನು ರೆಗ್ಯುಲೇಟರ್ ಮೂಲಕ ಸುಮಾರು 10 ಬಾರ್ ಒತ್ತಡಕ್ಕೆ ತುಂಬಿ, ಗೇಜಿನ ಮುಳ್ಳು ಇಳಿಯುವುದೋ ನೋಡಬೇಕು. ಇಲ್ಲಿ ಒಂದು ಎಚ್ಚರಿಕೆ: ನೈಟ್ರೋಜನ್ ಸಿಗಲಿಲ್ಲವೆಂದು ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಸಿಲಿಂಡರನ್ನು ಯಾರೂ ಜೋಡಿಸಬಾರದು. ಒತ್ತಡದ ಆಕ್ಸಿಜನ್ ಎಣ್ಣೆಯೊಡನೆ ಸೇರಿದರೆ ಸ್ಫೋಟವಾಗುತ್ತದೆ. ಟೈರಿಗೆ ಹಾಕುವ ಗಾಳಿಯೂ ಬೇಡ. ಅದರ ತೇವ ಒಳಗಿನ ಲೋಹವನ್ನು ತಿನ್ನುತ್ತದೆ.

ಅನೇಕರು ವ್ಯಾಕ್ಯೂಮ್ ಪಂಪ್ ಹಚ್ಚಿ, ಮುಳ್ಳು ನಿಂತಿತೆಂದರೆ ಸೋರಿಕೆ ಇಲ್ಲವೆಂದು ತೀರ್ಮಾನಿಸುತ್ತಾರೆ. ಇದು ಪೂರ್ತಿ ನಂಬತಕ್ಕದ್ದಲ್ಲ. ಒಳಗಿನಿಂದ ಎಳೆದಾಗ ಸಡಿಲವಾದ ಉಂಗುರ ಬಿಗಿಯಾಗಿ ಕೂರಬಹುದು. ಒಳಗಿನಿಂದ ಒತ್ತಿದಾಗಲೇ ಅದರ ದೋಷ ಬಯಲಾಗುತ್ತದೆ. ಅತಿ ಸಣ್ಣ ಸೋರಿಕೆಗೆ ಎರಡು ಉಪಾಯಗಳಿವೆ. ಒಂದು, ಎಣ್ಣೆಯೊಡನೆ ಬಣ್ಣ ಬೆರೆಸಿ ಕೆಲವು ದಿನ ಓಡಿಸಿ, ನೇರಳಾತೀತ ದೀಪ ಹಿಡಿದು ಹೊಳೆಯುವ ಜಾಗವನ್ನು ಹುಡುಕುವುದು. ಇನ್ನೊಂದು, ಎಲೆಕ್ಟ್ರಾನಿಕ್ ಡಿಟೆಕ್ಟರ್. ವರ್ಷಕ್ಕೆ ಕೆಲವೇ ಗ್ರಾಂ ಸೋರುವ ಸಂದಿಯನ್ನೂ ಅದು ಮೂಸಿ ಹಿಡಿಯಬಲ್ಲುದು. ಅನಿಲ ಗಾಳಿಗಿಂತ ಭಾರವಾದ್ದರಿಂದ ಡಿಟೆಕ್ಟರಿನ ಮೂತಿಯನ್ನು ಪ್ರತಿ ಕೀಲಿನ ಅಡಿಭಾಗದಲ್ಲಿ ನಿಧಾನವಾಗಿ ಆಡಿಸಬೇಕು. ಎಂಜಿನ್ ನಿಂತಿರಬೇಕು, ಗಾಳಿ ಬೀಸುತ್ತಿರಬಾರದು. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುವ ನಮ್ಮ ಊರುಗಳಲ್ಲಿ ಬಯಲಿನಲ್ಲಿ ಈ ಕೆಲಸ ಸಾಗದು. ಗೋಡೆಯ ಮರೆ ಬೇಕು. ಕೂಲಿಂಗ್ ಕಾಯಿಲ್ ಮೇಲೆ ಅನುಮಾನವಿದ್ದರೆ, ನೀರು ತೊಟ್ಟಿಕ್ಕುವ ಕೊಳವೆಯ ಬಾಯಿಯಲ್ಲಿ ಹಿಡಿದು ನೋಡಬಹುದು. ಡ್ಯಾಶ್‌ಬೋರ್ಡ್ ಬಿಚ್ಚುವ ದೊಡ್ಡ ಖರ್ಚು ಎಷ್ಟೋ ಸಲ ಇದರಿಂದ ಉಳಿಯುತ್ತದೆ.

ನಮ್ಮ ವಾಹನದ ಮಟ್ಟಿಗೆ ಹೇಳುವುದಾದರೆ, ಒಪ್ಪಿದ ಇನ್ನೊಬ್ಬ ಮೇಸ್ತ್ರಿಯ ಬಳಿ ಅರ್ಧ ದಿನ ಕುಳಿತೆವು. ಬಳಗದ ಇಬ್ಬರು ವಿದ್ಯಾರ್ಥಿಗಳೂ ಜೊತೆಗಿದ್ದರು. ಸಾಬೂನಿನ ಗುಳ್ಳೆ ಎದ್ದದ್ದು ಎರಡು ಕಡೆ: ಕಂಡೆನ್ಸರಿಗೆ ಪೈಪು ಕೂಡುವ ಕೀಲಿನಲ್ಲಿ ಮತ್ತು ಮುಚ್ಚಳವಿಲ್ಲದ ಕಡ್ಡಿವಾಲ್ವಿನಲ್ಲಿ. ಒಣಗಿದ ಉಂಗುರವನ್ನು ತೆಗೆದು 134ಎಗೆ ಹೊಂದುವ ಹೊಸದನ್ನು ಎಣ್ಣೆ ಸವರಿ ಕೂರಿಸಿದರು, ವಾಲ್ವಿನ ಕಡ್ಡಿ ಬದಲಿಸಿದರು, ಮುಚ್ಚಳ ಹಾಕಿದರು. ಈ ಬಿಡಿಭಾಗಗಳ ಬೆಲೆ ಒಂದು ಡಬ್ಬಿ ಅನಿಲದ ಬೆಲೆಯನ್ನೂ ಮುಟ್ಟಲಿಲ್ಲ. ವ್ಯವಸ್ಥೆಯನ್ನು ಬಿಚ್ಚಿದ ಮೇಲೆ ತೇವ ಹೀರುವ ಡ್ರೈಯರನ್ನು ಬದಲಿಸುವುದು ಒಳ್ಳೆಯ ಪದ್ಧತಿ. ಅದಕ್ಕೆ ಹೆಚ್ಚು ಹಣವಾಯಿತು. ಬಳಿಕ ಅರ್ಧ ಗಂಟೆಗೂ ಹೆಚ್ಚು ವ್ಯಾಕ್ಯೂಮ್ ಮಾಡಿ, ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿ ನಮೂದಿಸಿದಷ್ಟೇ ಅನಿಲವನ್ನು ತಕ್ಕಡಿಯಲ್ಲಿ ತೂಗಿ ತುಂಬಿದರು. ಕೈಯಿಂದ ಪೈಪು ಮುಟ್ಟಿ "ಸಾಕು" ಎನ್ನುವ ಅಂದಾಜು ಇಲ್ಲಿ ನಡೆಯದು. ಹೆಚ್ಚಾದರೂ ತಂಪು ಕಡಿಮೆಯಾಗುತ್ತದೆ, ಕಂಪ್ರೆಸರಿಗೆ ಪೆಟ್ಟು.

ಕೆಲವು ಅಡ್ಡದಾರಿಗಳ ವಿಷಯ ಹೇಳದಿದ್ದರೆ ತಪ್ಪಾದೀತು. ಸೋರಿಕೆ ಮುಚ್ಚುವುದೆಂದು ಡಬ್ಬಿಯಲ್ಲಿ ಮಾರುವ ಅಂಟಿನ ದ್ರವವನ್ನು ಹಾಕಿಸಬೇಡಿ. ಸೂಕ್ಷ್ಮ ರಂಧ್ರಗಳಲ್ಲಿ ಅದು ಗಟ್ಟಿಯಾಗುತ್ತದೆ, ಮುಂದೆ ಅನಿಲ ಹಿಂಪಡೆಯುವ ಯಂತ್ರವನ್ನೂ ಕೆಡಿಸುತ್ತದೆ. ಅಗ್ಗವೆಂದು ಅಡುಗೆ ಅನಿಲದಂಥ ಉರಿಯುವ ಅನಿಲ ತುಂಬಿಸುವುದು ಇನ್ನೂ ಅಪಾಯಕರ. ಆ ಕಾರುಗಳನ್ನು ಅದಕ್ಕಾಗಿ ರೂಪಿಸಿರುವುದಿಲ್ಲ. ಕಾಯಿಲ್ ಸೋರಿದರೆ ಅನಿಲ ನೇರ ಪ್ರಯಾಣಿಕರ ನಡುವೆ ಬರುತ್ತದೆ. ಸಿ.ಎಫ್.ಸಿ. ಕಾಲದಲ್ಲಿ ಬೆಂಕಿಯ ಜ್ವಾಲೆ ಹಸಿರಾಗುವುದನ್ನು ನೋಡಿ ಸೋರಿಕೆ ಹಿಡಿಯುತ್ತಿದ್ದರು. ಹಸಿರು ಬಣ್ಣ ಬರುತ್ತಿದ್ದುದು ಕ್ಲೋರಿನ್ನಿನಿಂದ. 134ಎಗೆ ಆ ಪರೀಕ್ಷೆ ನಿಷ್ಪ್ರಯೋಜಕ. ಬೆಂಕಿ ತಾಗಿದ 134ಎ ಒಡೆದು ಹೈಡ್ರೋಜನ್ ಫ್ಲೋರೈಡ್ ಎಂಬ ವಿಷಾನಿಲವಾಗುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಬರಿಗೈಯಲ್ಲಿ ದುಡಿಯುವ ಹುಡುಗರು ಅದನ್ನು ಉಸಿರಾಡಬೇಕಾಗುತ್ತದೆ. ದ್ರವರೂಪದ ಅನಿಲ ಕಣ್ಣಿಗೆ ಸಿಡಿದರೆ ಹೆಪ್ಪುಗಟ್ಟಿ ಗಾಯವಾಗುತ್ತದೆ. ಕನ್ನಡಕ, ಕೈಗವಸು ಎಷ್ಟು ಗ್ಯಾರೇಜುಗಳಲ್ಲಿವೆ?

ದುರಸ್ತಿಗೆ ಮುನ್ನ ಒಳಗುಳಿದ ಅನಿಲವನ್ನು ಬುಸ್ಸೆಂದು ಹೊರಬಿಡುವ ರೂಢಿಯೇ ನಮಗೆ ಎಲ್ಲಕ್ಕಿಂತ ಕಳವಳ ತರುವಂಥದ್ದು. ಒಂದು ವರ್ಷದಲ್ಲಿ ಸೋರುವುದಕ್ಕಿಂತ ಹೆಚ್ಚು ಅನಿಲ ಆ ಒಂದು ನಿಮಿಷದಲ್ಲಿ ಹೋಗಬಹುದು. ಅಮೆರಿಕದಲ್ಲಿ 1995ರಿಂದ ಹೀಗೆ ಬೇಕೆಂದೇ ಹೊರಬಿಡುವುದು ಕಾನೂನುಬಾಹಿರ. ಉಳಿದುದನ್ನು ಯಂತ್ರದಿಂದ ಸಿಲಿಂಡರಿಗೆ ಎಳೆದುಕೊಂಡು, ಶುದ್ಧಗೊಳಿಸಿ ಮರಳಿ ಬಳಸಬೇಕು. ನಮ್ಮ ದೇಶದಲ್ಲಿ ಇದು ಅಸಾಧ್ಯವೇನಲ್ಲ. ಸಿ.ಎಫ್.ಸಿ. ಕೈಬಿಡುವ ರಾಷ್ಟ್ರೀಯ ಯೋಜನೆಯಡಿ 2004ರಿಂದೀಚೆಗೆ ಸಾವಿರಾರು ಮೆಕ್ಯಾನಿಕರಿಗೆ ಇದೇ ಪದ್ಧತಿಗಳ ತರಬೇತಿ ನಡೆದಿತ್ತು. 2019ರಲ್ಲಿ ಪ್ರಕಟವಾದ ಭಾರತ ತಂಪುಗೊಳಿಕೆ ಕ್ರಿಯಾ ಯೋಜನೆಯೂ ಮೆಕ್ಯಾನಿಕರ ತರಬೇತಿಯನ್ನು ಒಂದು ಮುಖ್ಯ ಗುರಿಯಾಗಿ ಇಟ್ಟುಕೊಂಡಿದೆ. ಅದು ತಾಲ್ಲೂಕು ಮಟ್ಟದ, ಬೋರ್ಡೂ ಇಲ್ಲದ ಶೆಡ್ಡುಗಳಿಗೆ ಇಳಿಯಬೇಕು. ಯಂತ್ರದ ಬೆಲೆ ಒಬ್ಬ ಮೇಸ್ತ್ರಿಗೆ ಭಾರವಾದರೆ ನಾಲ್ಕು ಗ್ಯಾರೇಜುಗಳು ಕೂಡಿ ಇಟ್ಟುಕೊಳ್ಳಲಿ. ಟ್ರ್ಯಾಕ್ಟರ್, ಒಕ್ಕಣೆ ಯಂತ್ರಗಳನ್ನು ನಾವು ಹಂಚಿಕೊಂಡು ಬಳಸುವುದಿಲ್ಲವೇ?

ಏ.ಸಿ.ಯೇ ಬೇಡವೆಂದುಬಿಡಿ ಎಂದು ಬಳಗದ ಕೆಲವು ಗೆಳೆಯರು ವಾದಿಸಿದರು. ಅವರ ಮಾತಿನಲ್ಲಿ ಸತ್ಯಾಂಶವಿದೆ. ಪ್ರವಾಸಿಗಳು ಜೋಡುಕಳಸದ ಗುಡಿಯ ಮುಂದೆ ಎಂಜಿನ್ ಚಾಲೂ ಇಟ್ಟು, ಗಾಜು ಏರಿಸಿ ಕೂತಿರುವುದನ್ನು ಕಂಡಾಗ ನಮಗೂ ಹಾಗೆ ಅನ್ನಿಸುವುದುಂಟು. ಆದರೆ ಮೇ ತಿಂಗಳ ಮಧ್ಯಾಹ್ನ ಗರ್ಭಿಣಿಯೊಬ್ಬಳನ್ನು ಗದಗಿಗೆ ಕರೆದೊಯ್ಯುವ ಬಾಡಿಗೆ ಕಾರಿಗೂ, ಹಗಲೆಲ್ಲ ಎಂಜಿನ್ನಿನ ಬಿಸಿಯ ಪಕ್ಕ ಕೂರುವ ಲಾರಿ ಚಾಲಕನಿಗೂ ತಂಪು ಬೇಡವೆನ್ನಲು ನಾವು ಯಾರು? 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಚಾಲಕರ ಕೋಣೆಗೆ ಏ.ಸಿ. ಕಡ್ಡಾಯಗೊಳಿಸಿ ಕೇಂದ್ರ ಸರ್ಕಾರ 2023ರಲ್ಲಿ ಅಧಿಸೂಚನೆ ಹೊರಡಿಸಿತು. ಅದು ನ್ಯಾಯವಾದ ಕ್ರಮ. ಜೊತೆಗೇ ಸೋರಬಹುದಾದ ಕೀಲುಗಳ ಸಂಖ್ಯೆಯೂ ಹೆಚ್ಚಲಿದೆ ಎಂಬುದನ್ನು ಮರೆಯಲಾಗದು.

ಹೊಸ ಅನಿಲ ಬಂದರೆ ಎಲ್ಲವೂ ಸರಿಹೋಗುವುದೆಂಬ ಆಸೆಯೂ ಪೂರ್ತಿ ನಿಜವಲ್ಲ. ಯುರೋಪಿನಲ್ಲಿ 2017ರಿಂದ ಹೊಸ ಕಾರುಗಳಿಗೆ 134ಎ ಬಳಸುವಂತಿಲ್ಲ. ಅದರ ಜಾಗಕ್ಕೆ ಬಂದ 1234ವೈಎಫ್ ಭೂಮಿಯನ್ನು ಬಿಸಿಮಾಡುವುದು ಅತ್ಯಲ್ಪ. ಆದರೆ ಅದು ಗಾಳಿಯಲ್ಲಿ ಒಡೆದು ಟ್ರೈಫ್ಲೋರೋ ಅಸೆಟಿಕ್ ಆಮ್ಲವಾಗಿ ಮಳೆಯೊಡನೆ ಇಳಿಯುತ್ತದೆ, ಸುಲಭದಲ್ಲಿ ಕರಗಿ ಹೋಗದೆ ನೀರಿನಲ್ಲಿ ಉಳಿಯುತ್ತದೆ. ಮಳೆನೀರನ್ನೇ ಕೆರೆ, ಬಾವಿ, ಕೃಷಿಹೊಂಡಗಳಲ್ಲಿ ಹಿಡಿದಿಟ್ಟು ಬದುಕುವ ನಮ್ಮಂಥವರಿಗೆ ಇದು ದೂರದ ಸಂಗತಿಯಲ್ಲ. ಯಾವ ಅನಿಲವೇ ಬರಲಿ, ಕೀಲು ಬಿಗಿಯಾಗಿರಬೇಕಾದದ್ದು ತಪ್ಪುವುದಿಲ್ಲ.

ಓದುಗರಲ್ಲಿ ಕಾರು ಇದ್ದವರು ಕಡಿಮೆ. ಬಾಡಿಗೆ ಗಾಡಿ ಓಡಿಸುವವರು, ಗ್ಯಾರೇಜಿನಲ್ಲಿ ಕೆಲಸ ಕಲಿಯುವವರು, ಐ.ಟಿ.ಐ. ವಿದ್ಯಾರ್ಥಿಗಳು ಸಾಕಷ್ಟಿದ್ದಾರೆ. ಗಾಡಿ ಇದ್ದವರು ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಏ.ಸಿ. ಓಡಿಸಿ, ಎಣ್ಣೆ ಸುತ್ತಿ ಕಂಪ್ರೆಸರಿನ ಸೀಲು ಒಣಗದೆ ಉಳಿಯುತ್ತದೆ. ಗ್ಯಾರೇಜಿಗೆ ಹೋದಾಗ ಎರಡು ಪ್ರಶ್ನೆ ಕೇಳಿ: ಎಲ್ಲಿ ಸೋರುತ್ತಿದೆ? ಉಳಿದ ಅನಿಲವನ್ನು ಏನು ಮಾಡುತ್ತೀರಿ? ಹುಡುಕಿದ ಶ್ರಮಕ್ಕೆ ತಕ್ಕ ಕೂಲಿಯನ್ನು ಚೌಕಾಶಿ ಮಾಡದೆ ಕೊಡಿ.

ವಿದ್ಯಾರ್ಥಿ ಮಿತ್ರರಿಗೆ ಒಂದು ಕೆಲಸ ಒಪ್ಪಿಸುತ್ತಿದ್ದೇವೆ. ಗಜೇಂದ್ರಗಡ, ರೋಣ, ನರಗುಂದ ಮತ್ತು ಗದಗಿನಲ್ಲಿ ಏ.ಸಿ. ಕೆಲಸ ಮಾಡುವ ಗ್ಯಾರೇಜುಗಳಿಗೆ ಹೋಗಿ, ಅಲ್ಲಿ ನೈಟ್ರೋಜನ್ ಸಿಲಿಂಡರ್, ಡಿಟೆಕ್ಟರ್, ತಕ್ಕಡಿ, ಅನಿಲ ಹಿಂಪಡೆಯುವ ಯಂತ್ರ ಇವುಗಳಲ್ಲಿ ಯಾವುದಿದೆ, ಯಾವುದಿಲ್ಲ ಎಂದು ವಿನಯದಿಂದ ಕೇಳಿ ಬರೆದುಕೊಂಡು ಬನ್ನಿ. ಮೇಸ್ತ್ರಿಗಳ ಹೆಸರು ಬೇಡ, ಊರು ಮತ್ತು ಸಂಖ್ಯೆ ಸಾಕು. ಬಂದ ಮಾಹಿತಿಯನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ, ತರಬೇತಿಯ ಬೇಡಿಕೆಯೊಡನೆ ಜಿಲ್ಲಾಡಳಿತಕ್ಕೂ ಸಲ್ಲಿಸುತ್ತೇವೆ. ನಮ್ಮ ವಾಹನದಿಂದ ತೆಗೆದ ಬಿರುಕುಬಿಟ್ಟ ಉಂಗುರ ಬಳಗದ ಕಚೇರಿಯ ಮೇಜಿನ ಮೇಲಿದೆ. ನೋಡಬೇಕೆಂದವರು ಬಂದು ನೋಡಬಹುದು.